ಕೆಂಪು ಅಕ್ಷರ ಬಾರದ ತಪ್ಪುಗಳು: ನಕ್ಷೆ ತಂತ್ರಾಂಶದ ಪೈಥಾನ್ ಸ್ಕ್ರಿಪ್ಟ್‌ಗಳಲ್ಲಿ ಹೊಸಬರ ದೋಷಶೋಧನೆ

ಗ್ಯಾರಿ ಶೆರ್ಮನ್ 2002ರಲ್ಲಿ ಆರಂಭಿಸಿದ ಕ್ಯೂಜಿಐಎಸ್ ತಂತ್ರಾಂಶ, 2018ರ ಫೆಬ್ರವರಿಯಲ್ಲಿ ಬಂದ 3.0 ಆವೃತ್ತಿಯಿಂದ ಪೈಥಾನ್ 3ಕ್ಕೆ ಹೊರಳಿತು. ಅದು ಉಚಿತ, ಮುಕ್ತ. ಹಾಗಾಗಿ ಭೂಗೋಳ, ಪರಿಸರ, ನಗರಯೋಜನೆ ಓದುವ ಎಷ್ಟೋ ಮಂದಿ ಪೈಥಾನಿನ ಮೊದಲ ಸಾಲು ಬರೆಯುವುದು ಅದರ ಕನ್ಸೋಲ್‌ನಲ್ಲೇ. ಇವರಿಗೆ ಸಿಗುವ ದೋಷಶೋಧನೆಯ ಪಾಠ ಮಾತ್ರ ಗಣಕವಿಜ್ಞಾನದ ತರಗತಿಯಿಂದ ಎರವಲು ಬಂದದ್ದು: ಕೆಂಪು ಅಕ್ಷರದ ಸಂದೇಶವನ್ನು ಕೊನೆಯ ಸಾಲಿನಿಂದ ಓದು, ಸಾಲಿನ ಸಂಖ್ಯೆ ಹಿಡಿ, ತಿದ್ದು. ಪಾಠ ಸರಿಯೇ, ಆದರೆ ಸಾಲದು. ನಕ್ಷೆಯ ಸ್ಕ್ರಿಪ್ಟ್‌ಗಳಲ್ಲಿ ಹೊಸಬರನ್ನು ಹೆಚ್ಚು ದಾರಿತಪ್ಪಿಸುವುದು ಸಂದೇಶವೇ ಬಾರದ ತಪ್ಪುಗಳು; ಅವನ್ನು ಹಿಡಿಯಲು ಪೈಥಾನಿನ ವ್ಯಾಕರಣಕ್ಕಿಂತ ಭೂಗೋಳದ ತಿಳಿವಳಿಕೆ ಹೆಚ್ಚು ಬೇಕು ಎಂಬುದು ಈ ಲೇಖನದ ವಾದ.

ಬಾಯಿಬಿಟ್ಟು ಹೇಳುವ ದೋಷಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ‘ಕ್ಯೂಜಿಐಎಸ್ ಎಂಬ ಮಾಡ್ಯೂಲ್ ಇಲ್ಲ’ ಎಂಬ ಸಂದೇಶ ಹೊಸಬರನ್ನು ಹೆದರಿಸುತ್ತದೆ ನಿಜ. ಗಣಕದಲ್ಲಿ ಎರಡು ಪೈಥಾನ್‌ಗಳಿವೆ, ತಂತ್ರಾಂಶದ ಜೊತೆಗೆ ಬಂದದ್ದನ್ನು ಬಿಟ್ಟು ಇನ್ನೊಂದರಲ್ಲಿ ಸ್ಕ್ರಿಪ್ಟ್ ಓಡಿಸಲಾಗಿದೆ ಎಂದು ಗೊತ್ತಾದರೆ ಅಲ್ಲಿಗೆ ಮುಗಿಯಿತು. ಆರ್ಕ್‌ಜಿಐಎಸ್‌ನ ಆರ್ಕ್‌ಪೈ ಬಳಸುವವರಿಗೂ ಇದೇ ಮಾತು.

ಕಡತದ ದಾರಿಯ ವಿಷಯ ಇಷ್ಟು ಸರಳವಲ್ಲ. ವಿಂಡೋಸ್‌ನಲ್ಲಿ ಫೋಲ್ಡರ್‌ಗಳ ನಡುವೆ ಬರುವ ಬ್ಯಾಕ್‌ಸ್ಲ್ಯಾಶ್ ಗೀಟು ಪೈಥಾನ್‌ನಲ್ಲಿ ತನ್ನ ಮುಂದಿನ ಅಕ್ಷರಕ್ಕೆ ಬೇರೆಯೇ ಅರ್ಥ ಕೊಡಬಲ್ಲದು. ಜಿಲ್ಲೆಗೊಂದು ಫೋಲ್ಡರ್ ಮಾಡಿ, ಹೆಸರನ್ನೆಲ್ಲ ಸಣ್ಣ ರೋಮನ್ ಅಕ್ಷರಗಳಲ್ಲಿ ಬರೆದುಕೊಂಡಿರುವ ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಎನ್ನಿ. ಕೋಲಾರ, ಮಂಡ್ಯ, ಹಾಸನ, ಧಾರವಾಡಗಳಿಗೆ ಅವಳ ಸ್ಕ್ರಿಪ್ಟ್ ಸರಾಗವಾಗಿ ಓಡುತ್ತದೆ. ಕೆ, ಎಂ, ಎಚ್, ಡಿ ಅಕ್ಷರಗಳಿಗೆ ಗೀಟಿನ ಬಳಿಕ ವಿಶೇಷಾರ್ಥವಿಲ್ಲ. ತುಮಕೂರಿನ ಟಿ ಟ್ಯಾಬ್ ಆಗಿಬಿಡುತ್ತದೆ. ಬೀದರ್, ಬಳ್ಳಾರಿ, ಬೆಳಗಾವಿಗಳ ಬಿ ಬ್ಯಾಕ್‌ಸ್ಪೇಸ್ ಆಗುತ್ತದೆ, ರಾಯಚೂರಿನ ಆರ್ ಸಾಲಿನ ಆರಂಭಕ್ಕೆ ಮರಳುವ ಸಂಕೇತವಾಗುತ್ತದೆ, ವಿಜಯಪುರದ ವಿ ಲಂಬ ಟ್ಯಾಬ್ ಆಗುತ್ತದೆ. ಉಡುಪಿ, ಉತ್ತರ ಕನ್ನಡಗಳ ಯು ಅಕ್ಷರವನ್ನು ಪೈಥಾನ್ ಯೂನಿಕೋಡ್ ಸಂಕೇತದ ಮೊದಲಕ್ಷರ ಎಂದುಕೊಂಡು, ಮುಂದೆ ತಕ್ಕ ನಾಲ್ಕು ಅಂಕಿ ಸಿಗದೆ, ಒಂದು ಸಾಲೂ ಓಡುವ ಮೊದಲೇ ನಿಂತುಬಿಡುತ್ತದೆ. ಉಡುಪಿಯವರು ಪುಣ್ಯವಂತರು, ಅವರಿಗೆ ಸಂದೇಶವಾದರೂ ಬಂತು. ಪೈಥಾನ್ 3.12ರಿಂದ ಈ ಬಗ್ಗೆ ಎಚ್ಚರಿಕೆ ಕಾಣಿಸತೊಡಗಿದೆ. ತಮಾಷೆಯೆಂದರೆ ಅದು ಬರುವುದು ಸರಿಯಾಗಿ ಓಡುವ ಕೋಲಾರಕ್ಕೆ, ಕೆಡುವ ತುಮಕೂರಿಗಲ್ಲ. ಗೀಟು ಮತ್ತು ಟಿ ಸೇರಿದ ಟ್ಯಾಬ್ ಸಂಕೇತ ಭಾಷೆಯ ದೃಷ್ಟಿಯಲ್ಲಿ ಸಕ್ರಮ, ಗೀಟು ಮತ್ತು ಕೆ ಅಕ್ರಮ.

ತುಮಕೂರಿಗೆ ಮುಂದೇನಾಗುತ್ತದೆ? ಕ್ಯೂಜಿಐಎಸ್‌ನ ವೆಕ್ಟರ್ ಲೇಯರ್ ಕಡತ ಸಿಗದಿದ್ದರೂ ಹುಟ್ಟುತ್ತದೆ. ಅದನ್ನು ‘ಈಸ್ ವ್ಯಾಲಿಡ್’ ಎಂದು ಕೇಳಿದರೆ ಮಾತ್ರ ಇಲ್ಲ ಎನ್ನುತ್ತದೆ, ಕೇಳದವರಿಗೆ ಹೇಳುವುದಿಲ್ಲ. ಅದರ ಆಕೃತಿಗಳ ಮೇಲೆ ಸುತ್ತುವ ಲೂಪ್ ಶೂನ್ಯ ಬಾರಿ ಸುತ್ತಿ, ಒಟ್ಟು ಕೆರೆಗಳು ಸೊನ್ನೆ ಎಂಬ ಉತ್ತರ ಬರುತ್ತದೆ. ತುಮಕೂರು ಜಿಲ್ಲೆಯಲ್ಲಿ ಒಂದೂ ಕೆರೆಯಿಲ್ಲ ಎಂಬ ಉತ್ತರವನ್ನು ಪೈಥಾನ್ ಪ್ರಶ್ನಿಸಲಾರದು, ಪ್ರಶ್ನಿಸಬೇಕಾದವರು ಭೂಗೋಳ ಓದಿದವರು. ಮದ್ದು ಸುಲಭ: ಉದ್ಧರಣ ಚಿಹ್ನೆಗೆ ಮೊದಲು ಆರ್ ಅಕ್ಷರ ಹಾಕಬೇಕು, ಇಲ್ಲವೇ ಮುಂದಕ್ಕೆ ವಾಲುವ ಗೀಟು ಬಳಸಬೇಕು.

ನಿರ್ದೇಶಾಂಕ ವ್ಯವಸ್ಥೆಯ ತಪ್ಪುಗಳು ಇದಕ್ಕಿಂತ ಆಳ. ನಕ್ಷೆಯ ದತ್ತಾಂಶ ಓದಿ ಪರಿವರ್ತಿಸುವ ಜಿಡಾಲ್ ಎಂಬ ತಂತ್ರಾಂಶ ಸಂಗ್ರಹದ 2019ರಲ್ಲಿ ಬಂದ 3.0 ಆವೃತ್ತಿ, ಡಿಗ್ರಿಗಳಲ್ಲಿ ಅಳೆಯುವ ಇಪಿಎಸ್‌ಜಿ 4326 ವ್ಯವಸ್ಥೆಗೆ ಅಧಿಕೃತ ಕ್ರಮವನ್ನು, ಎಂದರೆ ಮೊದಲು ಅಕ್ಷಾಂಶ ಆಮೇಲೆ ರೇಖಾಂಶ ಎಂಬುದನ್ನು, ಪಾಲಿಸತೊಡಗಿತು. ಅದಕ್ಕೂ ಹಿಂದಿನ ಪಾಠಗಳಿಂದ ನಕಲು ಮಾಡಿದ ಸಾಲುಗಳು ರೇಖಾಂಶವನ್ನೇ ಮೊದಲು ಕೊಡುತ್ತವೆ. ಬೆಂಗಳೂರಿನ 77.59 ಮತ್ತು 12.97 ಹೀಗೆ ತಿರುವುಮುರುವಾದರೆ ಊರು ಹೋಗಿ ಬೀಳುವುದು ಉತ್ತರ ಧ್ರುವದ ಹತ್ತಿರ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ. ಎರಡೂ ಸಂಖ್ಯೆಗಳು 90ಕ್ಕಿಂತ ಕಡಿಮೆ ಇರುವುದರಿಂದ ತಂತ್ರಾಂಶಕ್ಕೆ ಇದರಲ್ಲಿ ಅಸಾಧ್ಯವಾದದ್ದೇನೂ ಕಾಣುವುದಿಲ್ಲ.

ಇನ್ನೊಂದು ತಪ್ಪಿನ ಮೂಲ ‘ಸೆಟ್ ಸಿಆರ್‌ಎಸ್’ ಆಜ್ಞೆ. ಅದು ಲೇಯರ್‌ನ ಹಣೆಪಟ್ಟಿಯನ್ನಷ್ಟೇ ಬದಲಿಸುತ್ತದೆ, ಒಳಗಿನ ಅಂಕಿಗಳನ್ನು ಮುಟ್ಟುವುದಿಲ್ಲ. ಪರಿವರ್ತನೆಗೆ ‘ರೀಪ್ರಾಜೆಕ್ಟ್’ ಬೇಕು. ಕರ್ನಾಟಕಕ್ಕೆ ಇದು ವಿಶೇಷವಾಗಿ ತಟ್ಟುತ್ತದೆ, ಏಕೆಂದರೆ ಯುಟಿಎಂ ವ್ಯವಸ್ಥೆಯ ಎರಡು ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ರಾಜ್ಯದ ಪೂರ್ವದ ಅಂಚನ್ನು ಸೀಳಿಕೊಂಡು ಹೋಗುತ್ತದೆ. ಬೆಂಗಳೂರು ಯುಟಿಎಂ ವಲಯ 43ರಲ್ಲಿದೆ, ಕೋಲಾರ ಪಟ್ಟಣ 44ರಲ್ಲಿದೆ. 43ರ ಅಂಕಿಗಳಿಗೆ 44ರ ಹಣೆಪಟ್ಟಿ ಅಂಟಿಸಿದರೆ ಬೆಂಗಳೂರು ಆರು ಡಿಗ್ರಿ, ಸುಮಾರು 650 ಕಿ.ಮೀ. ಪೂರ್ವಕ್ಕೆ ಸರಿದು ಬಂಗಾಳ ಕೊಲ್ಲಿಯಲ್ಲಿ ನಿಲ್ಲುತ್ತದೆ. ಸಮುದ್ರಕ್ಕೆ ಬಿದ್ದ ಊರು ಕಣ್ಣಿಗಾದರೂ ಬೀಳುತ್ತದೆ. ಆಕೃತಿಯ ಸುತ್ತ ಇಂತಿಷ್ಟು ದೂರದ ವಲಯ ಎಳೆಯುವ ಬಫರ್‌ನ ತಪ್ಪು ಹಾಗಲ್ಲ. ಡಿಗ್ರಿಯಲ್ಲಿರುವ ಲೇಯರ್‌ಗೆ 500 ಎಂದು ಕೊಟ್ಟವರು ಮೀಟರ್ ಎಂದುಕೊಂಡಿರುತ್ತಾರೆ, ಸ್ಕ್ರಿಪ್ಟ್ 500 ಡಿಗ್ರಿ ಎಂದೇ ತಿಳಿಯುತ್ತದೆ. ಅದನ್ನು ಗಮನಿಸಿ 0.0045 ಎಂದು ತಿದ್ದಿಕೊಂಡರೂ ವೃತ್ತ ವೃತ್ತವಾಗಿರುವುದಿಲ್ಲ: ಒಂದು ಡಿಗ್ರಿ ರೇಖಾಂಶ ಬೆಂಗಳೂರಿನಲ್ಲಿ ಸುಮಾರು 108 ಕಿ.ಮೀ. ಇದ್ದರೆ ಬೀದರ್‌ನಲ್ಲಿ ಸುಮಾರು 106 ಇದೆ, ಅಕ್ಷಾಂಶದ ಡಿಗ್ರಿ ಎರಡೂ ಕಡೆ 110ಕ್ಕಿಂತ ಹೆಚ್ಚು.

ಕನ್ನಡದಲ್ಲಿ ದತ್ತಾಂಶ ಇಟ್ಟುಕೊಳ್ಳುವವರಿಗೆ ಇನ್ನೂ ಒಂದು ತೊಡಕಿದೆ. ಶೇಪ್‌ಫೈಲ್‌ನಲ್ಲಿ ಅಂಕಣದ ಹೆಸರಿಗೆ 10 ಬೈಟ್ ಮಾತ್ರ ಜಾಗ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ, ಕೊಂಬು ದೀರ್ಘಗಳೂ ಸೇರಿ, 3 ಬೈಟ್ ಬೇಕು. ‘ಊರು’ ಎಂಬ ಹೆಸರು 9 ಬೈಟ್‌ಗಳಲ್ಲಿ ಹಿಡಿಸುತ್ತದೆ; ‘ಹೋಬಳಿ’ ಹಿಡಿಸುವುದಿಲ್ಲ, ‘ಜನಸಂಖ್ಯೆ’ಗೆ 24 ಬೇಕು. ಕತ್ತರಿಸಿಹೋದ ಹೆಸರನ್ನು ಸ್ಕ್ರಿಪ್ಟ್ ಆಮೇಲೆ ಹುಡುಕಿದರೆ ಸಿಗದು. ನನ್ನ ಅಭಿಪ್ರಾಯದಲ್ಲಿ ಕನ್ನಡ ಬಳಸುವವರು ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜ್‌ಗೆ ಹೋಗುವುದೇ ಒಳಿತು. ಆದರೂ ‘ಕೋಲಾರ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು ಎಂಬುದು ಉಳಿದೇ ಇರುತ್ತದೆ. ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರಬೇಕು.

ಇಂಗ್ಲಿಷ್ ಹೆಸರುಗಳೇನೂ ಸುರಕ್ಷಿತವಲ್ಲ. 2011ರ ಜನಗಣತಿಯ ಕೋಷ್ಟಕದಲ್ಲಿ ಬೆಲ್ಗಾಂ, ಗುಲ್ಬರ್ಗ, ಶಿಮೊಗ ಎಂದಿದೆ. 2014ರ ನವೆಂಬರ್ 1ರ ನಂತರದ ನಕ್ಷೆಯಲ್ಲಿ ಬೆಳಗಾವಿ, ಕಲಬುರಗಿ, ಶಿವಮೊಗ್ಗ. ಹೆಸರು ಹಿಡಿದು ಜೋಡಿಸಿದರೆ ಈ ಜಿಲ್ಲೆಗಳ ಅಂಕಣ ಖಾಲಿ ಉಳಿಯುತ್ತದೆ, ಸ್ಕ್ರಿಪ್ಟ್ ಮಾತ್ರ ಯಶಸ್ವಿ ಎಂದೇ ಮುಗಿಯುತ್ತದೆ. ಹೆಸರುಗಳನ್ನು ಕೈಯಾರೆ ತಿದ್ದಿದ ಮೇಲೆ ಬರುವ ತಪ್ಪು ಇನ್ನೂ ಸೂಕ್ಷ್ಮ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. 2011ರ ಬಳ್ಳಾರಿಯ ಜನಸಂಖ್ಯೆಯನ್ನು ಇಂದಿನ ಬಳ್ಳಾರಿಯ ವಿಸ್ತೀರ್ಣದಿಂದ ಭಾಗಿಸಿದರೆ ಎರಡು ಜಿಲ್ಲೆಗಳ ಜನ ಒಂದೇ ಜಿಲ್ಲೆಯಲ್ಲಿ ತುಂಬಿಕೊಂಡ ಸಾಂದ್ರತೆ ಸಿಗುತ್ತದೆ. ಸಾಲುಗಳೆಲ್ಲ ಜೋಡಣೆಯಾಗಿವೆ, ಖಾಲಿ ಅಂಕಣವಿಲ್ಲ, ಭಾಗಾಕಾರವೂ ಸರಿ. ತಪ್ಪಿರುವುದು ಗಡಿಯಲ್ಲಿ. ಇದಕ್ಕೆ ಹಳ್ಳಿ, ಪಟ್ಟಣ ಮಟ್ಟದ ಅಂಕಿಗಳನ್ನು ಜನಗಣತಿಯ ಸಂಕೇತ ಸಂಖ್ಯೆ ಹಿಡಿದು ಜೋಡಿಸಿ, ಇಂದಿನ ಗಡಿಗೆ ತಕ್ಕಂತೆ ಮತ್ತೆ ಕೂಡಿಸುವುದೊಂದೇ ದಾರಿ.

ಮೌನವಾದ ತಪ್ಪು ಎಲ್ಲ ಬಗೆಯ ಪ್ರೋಗ್ರಾಮಿಂಗ್‌ನಲ್ಲೂ ಇದೆಯಲ್ಲ ಎಂಬ ಆಕ್ಷೇಪ ಬರಬಹುದು. ಇದೆ. ಆದರೆ ನಕ್ಷೆಯ ವಿಶೇಷವೆಂದರೆ ತಪ್ಪು ಉತ್ತರವೂ ಬಣ್ಣ, ಸೂಚಿ, ಅಳತೆಪಟ್ಟಿಯ ಸಮೇತ ಅಚ್ಚುಕಟ್ಟಾಗಿ ಮುದ್ರಣವಾಗುತ್ತದೆ, ನೋಡಿದವರು ನಂಬುತ್ತಾರೆ.

ಹಾಗಾಗಿ ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಸ್ಕ್ರಿಪ್ಟ್ ತನ್ನನ್ನು ತಾನೇ ಪ್ರಶ್ನಿಸುವ ಕೆಲವು ಸಾಲುಗಳನ್ನು. ಲೇಯರ್ ಊರ್ಜಿತವೇ? ಅದರ ವ್ಯಾಪ್ತಿ ಕರ್ನಾಟಕದ ಸುಮಾರು 11.5ರಿಂದ 18.5 ಅಕ್ಷಾಂಶ, 74ರಿಂದ 78.5 ರೇಖಾಂಶದೊಳಗಿದೆಯೇ? ಜೋಡಣೆಯಾಗದೆ ಉಳಿದ ಸಾಲು ಎಷ್ಟು? ಪೈಥಾನಿನ ‘ಅಸರ್ಟ್’ ಆಜ್ಞೆಯಿಂದ ಇವನ್ನು ಬರೆದರೆ, ಇಲ್ಲಿ ಹೇಳಿದ ಬಹುಪಾಲು ಮೌನ ದೋಷಗಳು ಕೆಂಪು ಅಕ್ಷರದಲ್ಲಿ ಕಾಣಿಸಿಕೊಳ್ಳುತ್ತವೆ. ಬಳ್ಳಾರಿಯದು ಆಗಲೂ ಕಾಣಿಸದು, ಅದಕ್ಕೆ ಜಿಲ್ಲೆಯ ಚರಿತ್ರೆ ಗೊತ್ತಿರಬೇಕು. ನಮ್ಮ ಭೂಗೋಳ ವಿಭಾಗಗಳು ಪ್ರಾಯೋಗಿಕ ಪರೀಕ್ಷೆಯಲ್ಲಿ ಮುದ್ರಿತ ನಕ್ಷೆಗೆ ಕೊಡುವಷ್ಟೇ ಅಂಕವನ್ನು ಈ ಪರಿಶೀಲನೆಯ ಸಾಲುಗಳಿಗೂ ಕೊಡಲಿ.