ಮೂರನೆಯ ಬ್ಯಾಕ್

1952ರ ಜುಲೈ 15. ಹೆಲ್ಸಿಂಕಿ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯದಲ್ಲಿ ಭಾರತ ಯುಗೊಸ್ಲಾವಿಯಾ ಎದುರು 1–10ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು. ಬರಿಗಾಲಿನ ಆಟವೇ ಸೋಲಿಗೆ ಕಾರಣವೆಂದು ಹಲವರು ದೂರಿದರು. ಮುಂದೆ ಬೂಟು ಕಡ್ಡಾಯವಾಯಿತು. ಆದರೆ ಬೂಟಿನಿಂದ ಮುಚ್ಚಲಾಗದ ಬಯಲೊಂದು ಹಿಂದೆ ಇತ್ತು. ಐವರು ಫಾರ್ವರ್ಡ್‌ಗಳ ಹಳೆಯ ಪದ್ಧತಿಯಲ್ಲಿ ಗೋಲಿಯ ಮುಂದೆ ಕಾವಲಿಗೆ ಉಳಿಯುತ್ತಿದ್ದವರು ಇಬ್ಬರೇ ಬ್ಯಾಕ್‌ಗಳು.

ಹೈದರಾಬಾದಿನಲ್ಲಿ ಮೇಷ್ಟರಾಗಿದ್ದ ಕೋಚ್ ಸೈಯದ್ ಅಬ್ದುಲ್ ರಹೀಮ್, ಅವರಿಬ್ಬರ ನಡುವೆ ಮೂರನೆಯವನನ್ನು ನಿಲ್ಲಿಸಿದರು. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕಬಡ್ಡಿ ಆಡಿದವರಿಗೆ ಇದರ ಮರ್ಮ ಬೇಗ ತಿಳಿದೀತು. ಒಬ್ಬನೇ ನುಗ್ಗಿ ಹಿಡಿಯಹೋದರೆ ದಾಳಿಗೆ ಬಂದವನು ನುಣುಚಿಕೊಳ್ಳುತ್ತಾನೆ. ಪಕ್ಕದವನ ಕೈ ಬಿಡದೆ ಕಾದರೆ ಸಿಕ್ಕಿಬೀಳುತ್ತಾನೆ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2–1ರ ಗೆಲುವು, ಚಿನ್ನ. ಬೆಂಗಳೂರಿನ ಅರುಮೈನಾಯಗಂ ಆ ತಂಡದಲ್ಲಿದ್ದರು. ಸೋಜಿಗವೆಂದರೆ, ಭಾರತದ ಎರಡನೆಯ ಗೋಲು ಹೊಡೆದ ಜರ್ನೈಲ್ ಸಿಂಗ್ ಮೂಲತಃ ರಕ್ಷಣೆಯ ಆಟಗಾರ! ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ಅವರನ್ನು ರಹೀಮ್ ಮುಂಚೂಣಿಗೆ ಕಳಿಸಿದ್ದರು. ಮರುವರ್ಷದ ಜೂನ್‌ನಲ್ಲಿ ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡರು.