ಚೆಕ್ಕುಬಂದಿಯಿಲ್ಲದ ಮನೆ: ಪೂರಿಗಾಲಿಯಿಂದ ಕೆಜಿಎಫ್ ಕುರಿತು ಒಂದು ಟಿಪ್ಪಣಿ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನಲ್ಲಿ ಚಿಕ್ಕದೊಂದು ಮನೆ ಮಾರಾಟಕ್ಕೆ ಬಂದರೆ, ಕ್ರಯಪತ್ರದಲ್ಲಿ ಮೊದಲು ನೋಡಬೇಕಾದದ್ದು ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಿತ್ತಿಲು ಎಂದು ಗಡಿ ಬರೆದಿರುತ್ತದೆ. ಗ್ರಾಮಠಾಣೆಯ ಸ್ವತ್ತಾದರೆ ಇ-ಸ್ವತ್ತಿನ ದಾಖಲೆ ಅದಕ್ಕೆ ತಾಳೆಯಾಗಬೇಕು. ಸೂರು ಕುಸಿದಿದ್ದರೂ ಜಾಗಕ್ಕೆ ಬೆಲೆಯಿದೆ, ಏಕೆಂದರೆ ಕೈ ಬದಲಾಗುವುದು ನೆಲ.

ಕೋಲಾರದ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ, ಲೈನ್ ಮನೆಗಳಿಗೆ ಈ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟ ಮೇಲೆ ಕೂಲಿಗಳಿಗೆ ಸಾಲುಸಾಲಾಗಿ ಗುಡಿಸಲುಗಳೆದ್ದವು. ಮೊದಮೊದಲು ಬಿದಿರ ತಟ್ಟಿಯೇ ಅವುಗಳ ಗೋಡೆ. ಕೆಲಸಗಾರರಲ್ಲಿ ಬಹುಪಾಲು ತಮಿಳು ಜಿಲ್ಲೆಗಳಿಂದ ಬಂದ ದಲಿತರು. ಮನೆ ಕೆಲಸದ ಜೊತೆ ಬಂದದ್ದು, ಕೆಲಸ ಇರುವತನಕದ್ದು. ಅಕ್ಕಪಕ್ಕದ ಮನೆಗಳಿಗೆ ಒಂದೇ ಗೋಡೆ, ಕೆಳಗಿನ ನೆಲ ಗಣಿಯದು. ಕಂಪನಿಯ ಕೈಯಿಂದ 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ಗೆ ಗಣಿ ದಾಟಿತು. ಪ್ರತಿ ಬಾರಿಯೂ ಒಡೆಯ ಬದಲಾದ, ಒಳಗಿದ್ದ ಸಂಸಾರ ಬದಲಾಗಲಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋದ ಮೇಲೂ ಎಷ್ಟೋ ಕುಟುಂಬಗಳು ಅದೇ ಲೈನುಗಳಲ್ಲಿ ಉಳಿದವು. ಆದ್ದರಿಂದ ಅಲ್ಲಿ ಮನೆ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಇಷ್ಟೇ: ಮಾರುತ್ತಿರುವುದು ನೆಲವನ್ನೋ, ಗೋಡೆ-ಸೂರನ್ನೋ, ಬರೀ ವಾಸದ ಹಕ್ಕನ್ನೋ? ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಖಾಸಗಿ ಮನೆಯನ್ನೂ ಚಾಂಪಿಯನ್ ರೀಫ್ಸಿನ ಲೈನ್ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬಡವರ ಉಳಿತಾಯ ಮುಳುಗುತ್ತದೆ.

ಪೂರಿಗಾಲಿಯಲ್ಲಿ ಕೂತು ಇದನ್ನು ಬರೆಯಲು ಕಾರಣವಿದೆ. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ, ನಮ್ಮ ಜನ ಬ್ಲಫ್ ಎನ್ನುವ ಜಾಗದಲ್ಲಿ, ಕಾವೇರಿಯ ಧುಮುಕುವ ನೀರಿನಿಂದ ತೆಗೆದ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಗಣಿಗೆ ಹರಿಯಿತು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡ ಯೋಜನೆಯಿದು. ಅದು ಪೂರ್ಣಗೊಳ್ಳುವ ಮೊದಲೇ, 1901ರಲ್ಲಿ, ಅವರು ತೀರಿಕೊಂಡರು. ಬೆಂಗಳೂರಿಗೆ ಬೆಳಕು ತಲುಪಿದ್ದು 1905ರಲ್ಲಿ. ಸೌದೆ, ಕಲ್ಲಿದ್ದಲಿನ ಉಗಿಯಂತ್ರಗಳ ಖರ್ಚಿನಲ್ಲಿ ಏದುಸಿರುಬಿಡುತ್ತಿದ್ದ ಗಣಿಗೆ ಅದಿರು ಕುಟ್ಟಲು ಅಗ್ಗದ ಶಕ್ತಿ ಸಿಕ್ಕಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮುಂದೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಆಳ ಹೆಚ್ಚಿದಂತೆ ಬಂಡೆ ಸಿಡಿಯುವ ಅಪಾಯವೂ ಹೆಚ್ಚಿತು. ಆ ಲೈನ್ ಮನೆಗಳ ಚರಿತ್ರೆ ಮಳವಳ್ಳಿಯ ಚರಿತ್ರೆಯೂ ಹೌದೆಂಬುದು ನನ್ನ ನಿಲುವು. ಮಂಡ್ಯದ ಸ್ಥಳೀಯ ಇತಿಹಾಸ ಬರೆಯುವವರು ಗಗನಚುಕ್ಕಿ ಜಲಪಾತದ ಸೊಬಗಿಗೇ ನಿಂತುಬಿಡುವುದು ನನಗೆ ಸಂಕಟದ ವಿಷಯ.

ಈಗ ಕೆಜಿಎಫ್‌ನ ಮನೆಯ ಬೆಲೆಯನ್ನು ಎಳೆಯುವ ಸಂಗತಿ ಎರಡು. ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಹೋಗುವ ರೈಲು ಬೆಲೆಯನ್ನು ಮೇಲಕ್ಕೆತ್ತುತ್ತದೆ. ದಿನಗೂಲಿ, ಕಚೇರಿ ಕೆಲಸ ಎರಡಕ್ಕೂ ಜನ ಅದನ್ನೇ ಹಿಡಿಯುತ್ತಾರೆ. ಚಿನ್ನ ತೆಗೆದು ಬಿಸಾಡಿದ ಸೈನೈಡ್ ದಿಬ್ಬಗಳ ಧೂಳು ಬೆಲೆಯನ್ನು ಕೆಳಗಿಳಿಸುತ್ತದೆ. ಮನೆ ನೋಡಲು ಹೋಗುವವರು ಬೇಸಿಗೆಯ ಗಾಳಿ ಬೀಸುವ ದಿನ ಹೋಗುವುದು ಒಳ್ಳೆಯದು. ಋಣಭಾರ ಪತ್ರವನ್ನು ಅದಕ್ಕೂ ಮೊದಲೇ ತೆಗೆಸಿರಬೇಕು.