ತಾಸೆ, ಸ್ಯಾಕ್ಸೊಫೋನು ಮತ್ತು ತೆಂಬರೆ

ಬೋಳಾರದಲ್ಲಿ ಮನೆ ಮಾಡಿಕೊಂಡವರು ಮಾರ್ನಮಿಯ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಕೂರುವ ಹಾಗಿಲ್ಲ. ಮಂಗಳಾದೇವಿಯ ದೇವಸ್ಥಾನ ಇರುವುದು ಇಲ್ಲೇ. ಮಂಗಳೂರಿಗೆ ಆ ಹೆಸರು ಬಂದದ್ದೂ ಈ ತಾಯಿಯಿಂದಲೇ ಎನ್ನುತ್ತಾರೆ. ನವರಾತ್ರಿ ಶುರುವಾಯಿತೆಂದರೆ ಮನೆ ಬಾಗಿಲಿಗೆ ಹುಲಿಗಳು ಬರುತ್ತವೆ. ಒಲೆಯ ಮೇಲಿನ ಒಗ್ಗರಣೆ ಸೀದುಹೋದರೂ ಸರಿ, ತಾಸೆಯ ಪೆಟ್ಟು ಕಿವಿಗೆ ಬಿದ್ದೊಡನೆ ಗೇಟಿನವರೆಗೆ ಓಡದ ಹೆಂಗಸು ನಮ್ಮ ಬೀದಿಯಲ್ಲಿ ಇಲ್ಲ.

ಆ ತಾಸೆಯನ್ನೇ ನೋಡಿ. ಬಟ್ಟಲಿನಂಥ ಸಣ್ಣ ಚರ್ಮವಾದ್ಯ. ಕೊರಳಿಗೆ ನೇತುಹಾಕಿಕೊಂಡು ಎರಡು ತೆಳುವಾದ ಕಡ್ಡಿಗಳಿಂದ ಬಾರಿಸುತ್ತಾರೆ, ಜೊತೆಗೆ ಡೋಲು. ಹೆಸರು ತುಳುವಿನದಲ್ಲ, ಸಂಸ್ಕೃತದ್ದೂ ಅಲ್ಲ. ಪಾರಸಿಯಲ್ಲಿ ‘ತಾಸ್’ ಎಂದರೆ ಬಟ್ಟಲು. ಮೊಹರಂ ಮೆರವಣಿಗೆಗಳಲ್ಲಿ ಮೊಳಗುತ್ತ ಊರೂರು ಸುತ್ತಿದ ವಾದ್ಯವಿದು. ಉತ್ತರ ಕರ್ನಾಟಕದಲ್ಲಿ ಮೊಹರಮ್ಮಿಗೂ ಹುಲಿವೇಷ ಹಾಕುತ್ತಾರೆ, ಹಿಂದೂಗಳೂ ಹರಕೆ ಹೊತ್ತು ಕುಣಿಯುತ್ತಾರೆ. 1845ರಿಂದ 1917ರವರೆಗೆ ಕಬ್ಬಿನ ತೋಟದ ಕೂಲಿಗೆಂದು ಟ್ರಿನಿಡಾಡಿಗೆ ಹಡಗು ಹತ್ತಿದವರು ಇದನ್ನು ಅಲ್ಲಿಗೂ ಒಯ್ದರು. ಅಲ್ಲಿ ಇಂದಿಗೂ ಮೊಹರಮ್ಮಿಗೂ ಹಿಂದೂ ಮದುವೆಗೂ ಅದೇ ತಾಸೆ. ನಮ್ಮಲ್ಲಿ ಅದು ದೇವಿಯ ವಾಹನವಾದ ಹುಲಿಯನ್ನು ಕುಣಿಸುತ್ತದೆ. ಹಲ್ಲಿನಲ್ಲಿ ಅಕ್ಕಿಮುಡಿ ಕಚ್ಚಿ ಹಿಂದಕ್ಕೆಸೆಯುವ ಹುಡುಗನಿಗೆ ತನ್ನ ಕಾಲಿಗೆ ಲಯ ಕೊಡುವ ವಾದ್ಯದ ಹುಟ್ಟೂರಿನ ಚಿಂತೆ ಇಲ್ಲ. ಇತ್ತೀಚೆಗೆ ಹೆಣ್ಣುಮಕ್ಕಳೂ ಬಣ್ಣ ಬಳಿದುಕೊಂಡು ಅದೇ ಪೆಟ್ಟಿಗೆ ಹೆಜ್ಜೆ ಹಾಕುತ್ತಿದ್ದಾರೆ. ನೋಡಲು ನನಗಂತೂ ಖುಷಿ.

ಈಗ ಟೌನ್‌ಹಾಲಿನಲ್ಲಿ ಎರಡು ದೇಶದ ವಾದ್ಯಗಳನ್ನು ಪಕ್ಕಪಕ್ಕ ಕೂರಿಸಿದರೆ ಅದಕ್ಕೆ ‘ಫ್ಯೂಷನ್’ ಎಂಬ ಹೆಸರು, ಟಿಕೇಟು, ಹಾರ, ಶಾಲು. ಬೀದಿಯಲ್ಲಿ ಕೂಲಿಯವರು, ದೇವಸ್ಥಾನದ ಅಂಗಳದಲ್ಲಿ ವಾಲಗದವರು ಮಾಡಿದ ಕೂಡಿಕೆಗೆ ಹೆಸರೂ ಇಲ್ಲ, ಶಾಲೂ ಇಲ್ಲ.

ವಾಲಗದ ಮಾತು ಬಂದಾಗ ಕದ್ರಿಯ ನೆನಪಾಗದೆ ಇರುತ್ತದೆಯೆ? ಬೆಲ್ಜಿಯಂನ ಅಡಾಲ್ಫ್ ಸಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನು ಮಿಲಿಟರಿ ಬ್ಯಾಂಡಿನ ವಾದ್ಯ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದ ಹುಡುಗ, 1949ರಲ್ಲಿ ಬಂಟ್ವಾಳದ ಸಜೀಪದಲ್ಲಿ ಹುಟ್ಟಿದ ಗೋಪಾಲನಾಥ್. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಪಾಠವಾಯಿತು. ಕಷ್ಟವಿದ್ದದ್ದು ಗಮಕದಲ್ಲಿ. ಸ್ಯಾಕ್ಸೊಫೋನಿನ ಒಂದೊಂದು ಕೀಗೆ ಒಂದೊಂದು ಸ್ವರ. ನಮ್ಮ ರಾಗವೋ ಸ್ವರದಿಂದ ಸ್ವರಕ್ಕೆ ಜಾರುತ್ತ, ತೂಗುತ್ತ ಹೋಗುವಂಥದು. ಅವರು ವರ್ಷಗಟ್ಟಲೆ ಹೆಣಗಿ, ಕೀಗಳನ್ನು ಮಾರ್ಪಡಿಸಿ, ಆ ಪರದೇಶಿಗೆ ಕಲ್ಯಾಣಿ ತೋಡಿಗಳನ್ನು ಕಲಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಇವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸುತ್ತೇನೆಂದು ವೇದಿಕೆ ಹತ್ತಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, 2004ರಲ್ಲಿ ಪದ್ಮಶ್ರೀ. 2019ರಲ್ಲಿ ಅವರು ತೀರಿಕೊಂಡಾಗ ಊರಿಗೆ ಊರೇ ಮನೆಯವರನ್ನು ಕಳೆದುಕೊಂಡಂತಿತ್ತು. ಅವರ ಶಿಷ್ಯೆಯರಾದ ಎಂ.ಎಸ್. ಸುಬ್ಬಲಕ್ಷ್ಮಿ, ಎಂ.ಎಸ್. ಲಾವಣ್ಯ ಸೋದರಿಯರು ಸೀರೆಯುಟ್ಟು ಆ ದೊಡ್ಡ ವಾದ್ಯವನ್ನು ಊದುವುದನ್ನು ಕೇಳಿದವರಿಗೆ, ಇದು ಗಂಡಸರ ಉಸಿರಿನ ವಾದ್ಯ ಎಂಬ ಮಾತು ನಗೆ ತರಿಸೀತು.

ಕುಣಿತದ ಕಡೆಗೂ ಸ್ಯಾಕ್ಸೊಫೋನು ಬಂತು. ಶಿವರಾಮ ಕಾರಂತರು ಮಾತು ತೆಗೆದು ಕುಣಿತ ಹಾಡುಗಳಿಂದಲೇ ಕಥೆ ಹೇಳುವ ಯಕ್ಷಗಾನ ಕಟ್ಟಿದಾಗ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿಕೊಂಡರು. ಸಂಪ್ರದಾಯದವರಿಗೆ ಹಿಡಿಸಲಿಲ್ಲ, ಕಾರಂತರು ಅದಕ್ಕೆಲ್ಲ ಕಿವಿಗೊಡುವವರೂ ಅಲ್ಲ. ಆದರೆ ಕಾರಂತರಿಗಿಂತ ಜೋರಾಗಿ ಈ ವಾದ್ಯವನ್ನು ನಮ್ಮದು ಮಾಡಿಕೊಂಡದ್ದು ನೇಮ ಕೋಲಗಳು. ನಾಗಸ್ವರದಷ್ಟು ದಮ್ಮು ಬೇಡದು, ದನಿಯೂ ದೂರಕ್ಕೆ ಕೇಳುತ್ತದೆ ಎಂದು ವಾಲಗದ ಮನೆಗಳ ಮಕ್ಕಳು ಒಬ್ಬೊಬ್ಬರಾಗಿ ಸ್ಯಾಕ್ಸೊಫೋನು ಹಿಡಿದರು. ಈಗ ದೈವದ ನಡೆಗೂ ಮದುವೆಯ ದಿಬ್ಬಣಕ್ಕೂ ಅದೇ. ನಾಗಸ್ವರ ಬೇಕೆಂದರೆ ಹುಡುಕಿಕೊಂಡು ಹೋಗಬೇಕು.

ನನಗೆ ಇದರಲ್ಲಿ ಒಂದೇ ಕಸಿವಿಸಿ, ಅದೂ ಸ್ಯಾಕ್ಸೊಫೋನಿನ ಮೇಲಲ್ಲ. ಕೋಲದಲ್ಲಿ ಇನ್ನೊಂದು ಹಳೆಯ ದನಿಯಿದೆ. ದೈವ ಕಟ್ಟುವವನು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುವಾಗ ಅವನ ಹೆಂಡತಿಯೋ ತಾಯಿಯೋ ಪಕ್ಕದಲ್ಲಿ ಕುಳಿತು ತೆಂಬರೆ ಬಾರಿಸುತ್ತ ಪಾಡ್ದನ ಹೇಳುತ್ತಾಳೆ. ಆ ದೈವ ಎಲ್ಲಿ ಹುಟ್ಟಿತು, ಯಾವ ಗಡಿ ದಾಟಿತು, ಯಾರಿಂದ ಅನ್ಯಾಯ ಕಂಡಿತು ಎಂಬುದೆಲ್ಲ ಇರುವುದು ಆಕೆಯ ಬಾಯಲ್ಲಿ. ಪುಸ್ತಕವಿಲ್ಲದ ಚರಿತ್ರೆ ಅದು. ನಾನು ಈಚೆಗೆ ಕಂಡ ನೇಮಗಳಲ್ಲಿ ಮೈಕು ಇದ್ದದ್ದು ವಾಲಗದವರ ಮುಂದೆ. ಆಕೆಯ ಮುಂದೆ ಒಂದು ಎಲೆಯಡಿಕೆಯ ತಟ್ಟೆ. ಬಂದವರು ಐಸ್‌ಕ್ರೀಮಿನ ಗಾಡಿಯ ಸುತ್ತ. ತಾಸೆ ಬಂದಾಗ ಹುಲಿಗೇನೂ ನಷ್ಟವಾಗಲಿಲ್ಲ. ಗೋಪಾಲನಾಥರು ಊದಿದಾಗ ರಾಗಕ್ಕೂ ಆಗಲಿಲ್ಲ. ಬಂದ ವಾದ್ಯ ಬಗ್ಗಿ, ಇದ್ದದ್ದಕ್ಕೆ ಜಾಗ ಬಿಟ್ಟಿತ್ತು. ಇಲ್ಲಿ ಮಾತ್ರ ಜಾಗ ಬಿಡಬೇಕಾದವರು ಮೈಕಿನ ಸ್ವಿಚ್ಚು ಹಾಕುವ ನಾವು.

ಮುಂದಿನ ಸಲ ನೇಮಕ್ಕೆ ಹೋಗುವುದಿದ್ದರೆ ಸ್ವಲ್ಪ ಬೇಗ ಹೊರಡಿ. ಎಣ್ಣೆಬೂಳ್ಯ ಕೊಟ್ಟಾದ ಮೇಲೆ, ಗಗ್ಗರ ಕಟ್ಟುವ ಮೊದಲು, ಬಣ್ಣ ಹಚ್ಚುವ ಕಡೆಗೆ ಹೋಗಿ ಕೂತರೆ ತೆಂಬರೆ ಕೇಳಿಸುತ್ತದೆ. ಕುರ್ಚಿ ಹಾಕಿರುವುದಿಲ್ಲ, ಚಾಪೆಯೂ ಇರಲಿಕ್ಕಿಲ್ಲ.